ವಿಂಟರ್ ಗಾರ್ಡನ್‌ನಲ್ಲಿ ಮೂರು ತಾರೀಕು

2019ರ ಡಿಸೆಂಬರ್‌ನಲ್ಲಿ ನ್ಯೂಯಾರ್ಕ್‌ನ ‘ಬೀಟಲ್‌ಜ್ಯೂಸ್’ ನಾಟಕ ತಂಡಕ್ಕೆ ಜಾಗ ಖಾಲಿ ಮಾಡಬೇಕೆಂಬ ಸುದ್ದಿ ಬಂತು. 2020ರ ಜೂನ್ 6ಕ್ಕೆ ಕೊನೆಯ ಆಟ, ಆಮೇಲೆ ಸೆಟ್ಟು ಬಿಚ್ಚಿಕೊಂಡು ಹೊರಡಬೇಕು. ಜಾಗ ಬ್ರಾಡ್‌ವೇಯ ವಿಂಟರ್ ಗಾರ್ಡನ್ ಥಿಯೇಟರ್. 19ನೇ ಶತಮಾನದಲ್ಲಿ ಕುದುರೆ ವ್ಯಾಪಾರ ನಡೆಯುತ್ತಿದ್ದ ಕಟ್ಟಡ. 1911ರಲ್ಲಿ ಶೂಬರ್ಟ್ ಸೋದರರು ಅದನ್ನು ರಂಗಮಂದಿರ ಮಾಡಿದರು. ‘ಕ್ಯಾಟ್ಸ್’ 1982ರಿಂದ 2000ದವರೆಗೆ ಓಡಿದ್ದು ಇಲ್ಲಿಯೇ. ಅದಾದ ಮೇಲೆ ‘ಮಮ್ಮಾ ಮಿಯಾ!’ ಬಂದು ಹನ್ನೆರಡು ವರ್ಷ ಬೀಡುಬಿಟ್ಟಿತ್ತು. ಇಂಥ ಜಾಗದಿಂದ ಎಬ್ಬಿಸಿದರೆ ಯಾರಿಗಾದರೂ ಹೊಟ್ಟೆ ಉರಿಯುತ್ತದೆ.

ವಿಚಿತ್ರವೆಂದರೆ ಆ ಹೊತ್ತಿಗೆ ‘ಬೀಟಲ್‌ಜ್ಯೂಸ್’ ಚೆನ್ನಾಗಿಯೇ ಓಡುತ್ತಿತ್ತು. 2019ರ ಏಪ್ರಿಲ್‌ನಲ್ಲಿ ಶುರುವಾದಾಗ ವಿಮರ್ಶಕರಿಗೆ ಅಷ್ಟೇನೂ ಹಿಡಿಸಲಿಲ್ಲ. ಬ್ರಾಡ್‌ವೇಯ ದೊಡ್ಡ ಪ್ರಶಸ್ತಿಯಾದ ಟೋನಿಗೆ ಎಂಟು ನಾಮನಿರ್ದೇಶನ ಬಂದವು, ಪ್ರಶಸ್ತಿ ಒಂದೂ ಬರಲಿಲ್ಲ. ಆಮೇಲೆ ಹದಿಹರೆಯದ ಹುಡುಗ ಹುಡುಗಿಯರು ಅದರ ಹಾಡುಗಳನ್ನು ಹಿಡಿದುಕೊಂಡರು, ಟಿಕ್‌ಟಾಕ್‌ನಲ್ಲಿ ಕುಣಿದರು, ವಾರದ ಗಳಿಕೆ 10 ಲಕ್ಷ ಡಾಲರ್ ದಾಟಿತು. ಆದರೆ ಬ್ರಾಡ್‌ವೇಯ ಕರಾರುಗಳಲ್ಲಿ ಒಂದು ಷರತ್ತು ಇರುತ್ತದೆ. ಗಳಿಕೆ ಇಂತಿಷ್ಟಕ್ಕಿಂತ ಕೆಳಗೆ ಬಿದ್ದರೆ ಥಿಯೇಟರ್ ಮಾಲೀಕರು ಆ ನಾಟಕವನ್ನು ಹೊರಗೆ ಕಳಿಸಬಹುದು. ಆರಂಭದ ಬಡ ವಾರಗಳಲ್ಲೇ ಗಳಿಕೆ ಆ ಗೆರೆಗಿಂತ ಕೆಳಗೆ ಹೋಗಿತ್ತು. ಕಲೆಕ್ಷನ್ ಬಿದ್ದರೆ ಕ್ಯಾಂಪ್ ಎತ್ತುವುದು ನಮ್ಮ ಕಂಪನಿ ನಾಟಕದವರಿಗೂ ಗೊತ್ತಿದ್ದ ನ್ಯಾಯವೇ. ಆದರೆ ಕಲೆಕ್ಷನ್ ಮತ್ತೆ ಎದ್ದು ನಿಂತ ಮೇಲೆ ಹಳೆಯ ಲೆಕ್ಕ ತೆಗೆದು ಎಬ್ಬಿಸುವುದು ಬ್ರಾಡ್‌ವೇಯ ಚಾಲಾಕಿ.

ಎಬ್ಬಿಸಿದ್ದು ಯಾರಿಗಾಗಿ? ‘ದಿ ಮ್ಯೂಸಿಕ್ ಮ್ಯಾನ್’ಗಾಗಿ. ಮೆರೆಡಿತ್ ವಿಲ್ಸನ್ ಬರೆದ 1957ರ ಹಳೆಯ ಮ್ಯೂಸಿಕಲ್ ಅದು. ಮರುವರ್ಷದ ಟೋನಿಯಲ್ಲಿ ‘ವೆಸ್ಟ್ ಸೈಡ್ ಸ್ಟೋರಿ’ಯನ್ನೇ ಹಿಂದಿಕ್ಕಿ ಅತ್ಯುತ್ತಮ ಮ್ಯೂಸಿಕಲ್ ಎನಿಸಿಕೊಂಡಿತ್ತು. ಅಯೋವಾದ ಒಂದು ಸಣ್ಣ ಊರಿಗೆ ಮೋಸಗಾರನೊಬ್ಬ ಬರುತ್ತಾನೆ. ಮಕ್ಕಳ ಬ್ಯಾಂಡ್ ಕಟ್ಟುತ್ತೇನೆಂದು ವಾದ್ಯ, ಸಮವಸ್ತ್ರಗಳನ್ನು ಮಾರಿ, ದುಡ್ಡು ಹಿಡಿದುಕೊಂಡು ಪರಾರಿಯಾಗುವುದು ಅವನ ಲೆಕ್ಕ. ಆ ಮೋಸಗಾರನಾಗಿ ಹ್ಯೂ ಜಾಕ್‌ಮನ್, ಊರಿನ ಗ್ರಂಥಪಾಲಕಿಯಾಗಿ ಸಟನ್ ಫಾಸ್ಟರ್, ನಿರ್ದೇಶನ ಜೆರ್ರಿ ಜ್ಯಾಕ್ಸ್‌ದು, ಮುಖ್ಯ ನಿರ್ಮಾಪಕ ಸ್ಕಾಟ್ ರೂಡಿನ್. ಇಂಥ ಜೋಡಿ ಸಿಕ್ಕರೆ ಯಾವ ಮಾಲೀಕ ಬಿಡುತ್ತಾನೆ? 2020ರ ಸೆಪ್ಟೆಂಬರ್ 9ರಿಂದ ಪ್ರಿವ್ಯೂ, ಅಂದರೆ ವಿಧ್ಯುಕ್ತ ಆರಂಭಕ್ಕೆ ಮುಂಚಿನ ಆಟಗಳು, ಅಕ್ಟೋಬರ್ 15ಕ್ಕೆ ಓಪನಿಂಗ್ ಎಂದು ತಾರೀಕು ಹಾಕಿದರು. ಅದು ಮೊದಲ ತಾರೀಕು.

ಅಷ್ಟರಲ್ಲಿ ಕೊರೊನಾ ಬಂತು. 2020ರ ಮಾರ್ಚ್ 12ರ ಮಧ್ಯಾಹ್ನ ನ್ಯೂಯಾರ್ಕ್ ಗವರ್ನರ್ ಆಂಡ್ರೂ ಕ್ಯೂಮೊ 500ಕ್ಕಿಂತ ಹೆಚ್ಚು ಜನ ಸೇರುವಂತಿಲ್ಲ ಎಂದರು. ಬ್ರಾಡ್‌ವೇ ಥಿಯೇಟರ್ ಎನಿಸಿಕೊಳ್ಳಲು ಕನಿಷ್ಠ 500 ಆಸನ ಇರಬೇಕು. ಅಂದರೆ ಆ ಒಂದು ಅಂಕಿಯಿಂದಲೇ ಇಡೀ ಬ್ರಾಡ್‌ವೇ, 41 ಥಿಯೇಟರ್‌ಗಳೂ, ಅದೇ ಸಂಜೆ 5 ಗಂಟೆಗೆ ಕತ್ತಲಾದವು. ಹೆನ್ರಿ ದೊರೆಯ ಆರು ಹೆಂಡಿರ ಕಥೆಯ ‘ಸಿಕ್ಸ್’ ಆ ರಾತ್ರಿಯೇ ಓಪನಿಂಗ್ ಇಟ್ಟುಕೊಂಡಿತ್ತು. ಕೆಲವೇ ಗಂಟೆಗಳ ಮುಂಚೆ ಅದು ರದ್ದಾಯಿತು.

ಮೊದಲು ಹೇಳಿದ್ದು ಏಪ್ರಿಲ್ 12ರವರೆಗೆ, ಒಂದು ತಿಂಗಳು. ಆಮೇಲೆ ಜೂನ್ 7 ಅಂದರು. ಆಮೇಲೆ ಸೆಪ್ಟೆಂಬರ್ 6. ಆಮೇಲೆ 2021ರ ಜನವರಿ 3. ಆಮೇಲೆ ಮೇ 30. ನಿರ್ಮಾಪಕರ ಸಂಘವಾದ ಬ್ರಾಡ್‌ವೇ ಲೀಗ್ ಹೀಗೆ ಕಂತು ಕಂತಾಗಿ ಬೀಗದ ಅವಧಿ ಬೆಳೆಸಿದ್ದನ್ನು ನೋಡಿ ಆಗ ಅನೇಕರು ನಕ್ಕರು. ಆದರೆ ಲೀಗಿನ ಆ ತಾರೀಕುಗಳು ಭವಿಷ್ಯ ನುಡಿದದ್ದಲ್ಲ. ಟಿಕೆಟ್ ಕೊಂಡವರ ಹಣ ಎಲ್ಲಿಯವರೆಗಿನ ಆಟಗಳಿಗೆ ವಾಪಸು, ಎಲ್ಲಿಂದ ಮುಂದಿನದು ಉಳಿಯುತ್ತದೆ ಎಂದು ಹೇಳುವ ಗೆರೆಗಳವು. ದೊಡ್ಡ ಮ್ಯೂಸಿಕಲ್‌ಗಳ ಟಿಕೆಟ್ ತಿಂಗಳುಗಟ್ಟಲೆ ಮೊದಲೇ ಮಾರಾಟವಾಗುತ್ತದೆ. ನಾಟಕ ನಿಂತ ದಿನವೇ ‘ಒಂದು ವರ್ಷ ಇಲ್ಲ’ ಅಂದುಬಿಟ್ಟಿದ್ದರೆ ವರ್ಷದ ಮುಂಗಡವೆಲ್ಲ ಒಂದೇ ಸಲ ಹಿಂತಿರುಗಿಸಬೇಕಾಗುತ್ತಿತ್ತು. ಗಾಬರಿಯಲ್ಲೂ ಲೆಕ್ಕ ತಪ್ಪದ ಜನ.

ಅರ್ಧ ಮಂದಿಯನ್ನು ಕೂರಿಸಿ ಆಡಬಾರದಿತ್ತೇ ಎಂದು ಕೇಳಬಹುದು. ಏಕಪಾತ್ರದ ಆಟವಾದರೆ ಆಗುತ್ತಿತ್ತೇನೋ. ದೊಡ್ಡ ಮ್ಯೂಸಿಕಲ್ ಒಂದರ ವಾರದ ಖರ್ಚೇ ಲಕ್ಷಾಂತರ ಡಾಲರ್. ನಟರು, ವಾದ್ಯದವರು, ತೆರೆಯ ಹಿಂದೆ ಹಗ್ಗ ಎಳೆಯುವವರು, ಬೆಳಕಿನವರು, ಉಡುಪು ತೊಡಿಸುವವರು, ಮಾಲೀಕರ ಬಾಡಿಗೆ, ಲೇಖಕರ ರಾಯಲ್ಟಿ. ವಾರಕ್ಕೆ ಎಂಟು ಆಟ ಆಡಿದರೂ ಲಾಭ ಕಾಣದೆ ಮುಚ್ಚುವವೇ ಹೆಚ್ಚು. ಆರಡಿ ಬಿಟ್ಟು ಒಬ್ಬರನ್ನು ಕೂರಿಸಿದರೆ ಪ್ರತಿ ಆಟಕ್ಕೂ ಕೈಯಿಂದ ಹಾಕಬೇಕು. ಅಲ್ಲದೆ ಬ್ರಾಡ್‌ವೇ ನೋಡುವವರಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ಹೊರಗಿನಿಂದ ಬರುವ ಪ್ರವಾಸಿಗರು. ವಿಮಾನ, ಹೋಟೆಲು, ಗಡಿ ಇವೆಲ್ಲ ತೆರೆಯುವ ತನಕ ಥಿಯೇಟರ್ ತೆರೆದು ಯಾರಿಗೆ ತೋರಿಸುವುದು?

ಹೊಸ ತಾರೀಕು ಹಾಕುವುದೆಂದರೆ ಹಳೆಯ ಪೋಸ್ಟರ್ ಮೇಲೆ ಹೊಸ ಪೋಸ್ಟರ್ ಅಂಟಿಸುವ ಕೆಲಸವಲ್ಲ. ‘ಮ್ಯೂಸಿಕ್ ಮ್ಯಾನ್’ನವರು ಎರಡನೆಯ ಸಲ 2021ರ ಮೇ 20ಕ್ಕೆ ಓಪನಿಂಗ್ ಎಂದರು. ಮೇ 30ರವರೆಗೆ ಬೀಗ ಎಂದು ಲೀಗ್ ಹೇಳಿದ ಮೇಲೆ ಆ ತಾರೀಕು ಹೇಗೂ ಉಳಿಯುವಂತಿರಲಿಲ್ಲ. ಮೂರನೆಯ ತಾರೀಕು: 2021ರ ಡಿಸೆಂಬರ್ 20ಕ್ಕೆ ಪ್ರಿವ್ಯೂ, 2022ರ ಫೆಬ್ರುವರಿ 10ಕ್ಕೆ ಓಪನಿಂಗ್. ಪ್ರತಿ ಸಲವೂ ಒಂದೇ ಪ್ರಶ್ನೆಗೆ ಬಂದು ನಿಲ್ಲುತ್ತಿದ್ದರು: ಜಾಕ್‌ಮನ್ ಎಂದು ಬಿಡುವಾಗಿರುತ್ತಾರೆ, ಅದೇ ದಿನಗಳಲ್ಲಿ ಫಾಸ್ಟರ್ ಬಿಡುವಾಗಿರುತ್ತಾರೆಯೇ, ಇಬ್ಬರೂ ಸಿಕ್ಕ ತಿಂಗಳುಗಳಲ್ಲಿ ಥಿಯೇಟರ್ ಸಿಗುತ್ತದೆಯೇ? ನಡುವಿನ ಖಾಲಿ ಬೇಸಗೆಯಲ್ಲಿ ಫಾಸ್ಟರ್ ಲಂಡನ್ನಿಗೆ ಹೋಗಿ ಬಾರ್ಬಿಕನ್‌ನಲ್ಲಿ ‘ಎನಿಥಿಂಗ್ ಗೋಸ್’ ಆಡಿ ಬಂದರು. ಲಂಡನ್ ನ್ಯೂಯಾರ್ಕ್‌ಗಿಂತ ಮೊದಲೇ ತೆರೆ ಎತ್ತಿತ್ತು. ಇನ್ನು ಊರಿನ ಮಕ್ಕಳ ಬ್ಯಾಂಡಿನ ಕಥೆಯೆಂದ ಮೇಲೆ ಮಕ್ಕಳ ಪಾತ್ರ ಇರಲೇಬೇಕಲ್ಲ. ಹತ್ತು ವರ್ಷದ ಹುಡುಗನಿಗೆ ಹೊಲಿದ ಅಂಗಿ ಒಂದೂವರೆ ವರ್ಷ ಪೆಟ್ಟಿಗೆಯಲ್ಲಿ ಕಾಯಬಹುದು, ಹುಡುಗ ಕಾಯುವುದಿಲ್ಲ.

ಅದೂ ಸಾಲದೆಂಬಂತೆ 2021ರ ಏಪ್ರಿಲ್‌ನಲ್ಲಿ ಸ್ಕಾಟ್ ರೂಡಿನ್ ತಮ್ಮ ಕಚೇರಿಯವರ ಮೇಲೆ ನಡೆಸಿದ ದೌರ್ಜನ್ಯಗಳು ಪತ್ರಿಕೆಯಲ್ಲಿ ಬಂದು, ಅವರು ನಾಟಕದಿಂದ ಹಿಂದೆ ಸರಿದರು. ರೂಡಿನ್ ಅವರದೇ ಇನ್ನೊಂದು ನಾಟಕ, ಮಾರ್ಚ್‌ನ ಬೀಗಕ್ಕೆ ಮೂರು ವಾರ ಮುಂಚೆಯಷ್ಟೇ ಓಪನ್ ಆಗಿದ್ದ ಹೊಸ ‘ವೆಸ್ಟ್ ಸೈಡ್ ಸ್ಟೋರಿ’, ಮತ್ತೆ ಬರಲೇ ಇಲ್ಲ. ಡಿಸ್ನಿಯ ‘ಫ್ರೋಜನ್’ ಇನ್ನು ಬರುವುದಿಲ್ಲ ಎಂದು 2020ರ ಮೇ ತಿಂಗಳಲ್ಲೇ ಹೇಳಿಬಿಟ್ಟಿತು. ಡಿಸ್ನಿಗೆ ಆಗ ಬ್ರಾಡ್‌ವೇಯಲ್ಲಿ ‘ಲಯನ್ ಕಿಂಗ್’, ‘ಅಲಾದ್ದೀನ್’ ಕೂಡ ಇದ್ದವು. ಮೂರನ್ನೂ ಕಾಯುವ ಬದಲು ಒಂದನ್ನು ಕೈಬಿಟ್ಟರು. ಕಾಯುವುದಕ್ಕೂ ಕೈಯಲ್ಲಿ ದುಡ್ಡು ಬೇಕು. ಜಾಕ್‌ಮನ್ ಹೆಸರಿದ್ದ ನಾಟಕ ಮೂರು ತಾರೀಕು ಕಾದು ನಿಂತಿದ್ದು ಆ ಹೆಸರಿನ ಬಲದಿಂದ. ಕೋರಸ್ಸಿನ ಹುಡುಗರಿಗೆ ಅಂಥ ಬಲ ಎಲ್ಲಿಂದ ಬರಬೇಕು? ಅಮೆರಿಕದ ರಂಗನಟರ ಆರೋಗ್ಯ ವಿಮೆ ಅವರು ವರ್ಷದಲ್ಲಿ ಎಷ್ಟು ವಾರ ಕೆಲಸ ಮಾಡಿದರು ಎಂಬುದರ ಮೇಲೆ ನಿಂತಿದೆ. ಸಾಂಕ್ರಾಮಿಕದ ಕಾಲದಲ್ಲೇ ವಿಮೆ ಕಳೆದುಕೊಳ್ಳುವ ಸ್ಥಿತಿ ಅವರದು. ‘ಮುಂದೂಡಲಾಗಿದೆ’ ಎಂಬ ಪ್ರಕಟಣೆಗಳನ್ನು ಓದುವಾಗ ಈ ಭಾಗ ಕಣ್ಣಿಗೆ ಬೀಳುವುದಿಲ್ಲ.

ಒಂದು ಓಪನಿಂಗ್ ತಾರೀಕಿನ ಕಥೆ ಮಾತ್ರ ಬೇರೆ. ‘ಕಂಪನಿ’ ಮ್ಯೂಸಿಕಲ್ಲಿನ ಹೊಸ ಪ್ರಯೋಗಕ್ಕೆ 2020ರ ಮಾರ್ಚ್ 22 ಎಂದು ಗೊತ್ತು ಮಾಡಿದ್ದರು. ಅದು ಸಂಗೀತ, ಸಾಹಿತ್ಯ ಎರಡೂ ಬರೆದ ಸ್ಟೀಫನ್ ಸೊಂಡೈಮ್ ಅವರ 90ನೇ ಹುಟ್ಟುಹಬ್ಬ. ಬೀಗ ಬಿತ್ತು. 2021ರ ನವೆಂಬರ್ 15ರಂದು ಮತ್ತೆ ಪ್ರಿವ್ಯೂ ಶುರುವಾದಾಗ ಸೊಂಡೈಮ್ ಬಂದು ಕೂತು ನೋಡಿದರು. ನವೆಂಬರ್ 26ರಂದು ತೀರಿಕೊಂಡರು. ಡಿಸೆಂಬರ್ 9ರ ಓಪನಿಂಗ್‌ಗೆ ಅವರು ಇರಲಿಲ್ಲ.

2021ರ ಸೆಪ್ಟೆಂಬರ್ 14ರಂದು ‘ಹ್ಯಾಮಿಲ್ಟನ್’, ‘ವಿಕೆಡ್’, ‘ಲಯನ್ ಕಿಂಗ್’, ‘ಶಿಕಾಗೋ’ ಒಂದೇ ರಾತ್ರಿ ತೆರೆ ಎತ್ತಿದವು. ನೋಡುವವರಿಗೆ ಲಸಿಕೆ ಪತ್ರ, ಮಾಸ್ಕ್ ಕಡ್ಡಾಯ. ಅದೇ ತಿಂಗಳು, ನಿಂತುಹೋಗಿದ್ದ 2019-20ರ ಟೋನಿ ಪ್ರಶಸ್ತಿಯನ್ನೂ ಕೊಟ್ಟರು. ಅರ್ಧಕ್ಕೇ ಮುರಿದ ಆ ಸೀಸನ್ನಿನಲ್ಲಿ ಮ್ಯೂಸಿಕಲ್ ನಾಯಕ ನಟ ವಿಭಾಗಕ್ಕೆ ನಾಮನಿರ್ದೇಶನಗೊಂಡಿದ್ದವರು ಒಬ್ಬರೇ, ‘ಮೌಲಿನ್ ರೂಜ್!’ನ ಆರನ್ ಟ್ವೇಟ್. ಅವರೇ ಗೆದ್ದರು. ‘ಅಲಾದ್ದೀನ್’ ಸೆಪ್ಟೆಂಬರ್ 28ಕ್ಕೆ ಮರಳಿ ಬಂದು ಮರುದಿನವೇ ತಂಡದಲ್ಲಿ ಸೋಂಕು ಕಂಡು ಆಟ ನಿಲ್ಲಿಸಿತು. ಬಾಗಿಲು ತೆರೆದರೆ ಮುಗಿಯಿತು ಅಂದುಕೊಂಡಿದ್ದವರಿಗೆ ಅದು ಮೊದಲ ಪೆಟ್ಟು.

ದೊಡ್ಡ ಪೆಟ್ಟು ಬಿದ್ದದ್ದು ಡಿಸೆಂಬರ್‌ನಲ್ಲಿ, ಓಮಿಕ್ರಾನ್ ರೂಪದಲ್ಲಿ. ಕ್ರಿಸ್‌ಮಸ್ ವಾರ ಬ್ರಾಡ್‌ವೇಗೆ ವರ್ಷದ ಸುಗ್ಗಿ. ಆ ವಾರವೇ ಆಟಗಳು ಸಾಲುಸಾಲಾಗಿ ರದ್ದಾದವು. ‘ಜ್ಯಾಗೆಡ್ ಲಿಟಲ್ ಪಿಲ್’ ಶಾಶ್ವತವಾಗಿ ಮುಚ್ಚಿತು. ‘ಮಿಸೆಸ್ ಡೌಟ್‌ಫೈರ್’ ಜನವರಿಯಲ್ಲಿ ತಾನಾಗಿ ಆಟ ನಿಲ್ಲಿಸಿ ಏಪ್ರಿಲ್‌ಗೆ ಮರಳಿತು, ಮೇ ಕೊನೆಗೆ ಕಣ್ಣು ಮುಚ್ಚಿತು. ಇದೇ ಹೊತ್ತಿಗೆ ಸರಿಯಾಗಿ ‘ಮ್ಯೂಸಿಕ್ ಮ್ಯಾನ್’ನ ಮೂರನೆಯ ತಾರೀಕು ಬಂದು ಮುಟ್ಟಿತ್ತು. ಡಿಸೆಂಬರ್ 20ಕ್ಕೆ ಪ್ರಿವ್ಯೂ ಶುರು. 23ಕ್ಕೆ ಸಟನ್ ಫಾಸ್ಟರ್‌ಗೆ ಸೋಂಕು.

ಆ ದಿನ ನಡೆದದ್ದನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ಬ್ರಾಡ್‌ವೇಯಲ್ಲಿ ‘ಸ್ವಿಂಗ್’ ಎಂಬ ಕಲಾವಿದರ ಒಂದು ವರ್ಗವಿದೆ. ಸಾಮಾನ್ಯ ದಿನ ಅವರು ರಂಗದ ಮೇಲೆ ಬರುವುದೇ ಇಲ್ಲ. ಆರೆಂಟು ಪಾತ್ರಗಳ ಮಾತು, ಹಾಡು, ಹೆಜ್ಜೆ, ಯಾವ ತಾಳಕ್ಕೆ ಯಾವ ಬದಿಯಿಂದ ಯಾವ ವಸ್ತು ಹಿಡಿದು ಬರಬೇಕು ಎಂಬುದೆಲ್ಲವನ್ನೂ ಕಲಿತು, ಒಳಗೆ ಕಾದು ಕೂತಿರುತ್ತಾರೆ. ‘ಮ್ಯೂಸಿಕ್ ಮ್ಯಾನ್’ನಲ್ಲಿ ಅಂಥವರಲ್ಲಿ ಒಬ್ಬರು ಕ್ಯಾಥಿ ವೊಯ್ಟ್‌ಕೊ. ಅವರ ಪಾಲಿಗೆ ಎಂಟು ಪಾತ್ರ. ಇಂದು ನೀವೇ ನಾಯಕಿ ಎಂದು ಅವರಿಗೆ ಗೊತ್ತಾದದ್ದು ಮಧ್ಯಾಹ್ನ 12ಕ್ಕೆ. ಆ ಪಾತ್ರದಲ್ಲಿ ಅವರ ಮೊಟ್ಟಮೊದಲ ತಾಲೀಮು 1 ಗಂಟೆಗೆ. ಪ್ರಿವ್ಯೂ ಶುರುವಾಗಿ ಇನ್ನೂ ನಾಲ್ಕನೆಯ ದಿನ, ಮೂಲ ಪಾತ್ರಧಾರಿಗಳಿಗೇ ನಾಟಕ ಇನ್ನೂ ಕೈಗೆ ಹತ್ತಬೇಕಾದ ಸಮಯ. ಸಂಜೆ ವೊಯ್ಟ್‌ಕೊ ಜಾಕ್‌ಮನ್ ಎದುರು ಇಡೀ ಆಟ ಆಡಿ ಮುಗಿಸಿದರು. ವಂದನೆಯ ಹೊತ್ತಿಗೆ ಜಾಕ್‌ಮನ್ ಚಪ್ಪಾಳೆ ನಿಲ್ಲಿಸಿ, ಈ ಸ್ವಿಂಗ್‌ಗಳೇ ಬ್ರಾಡ್‌ವೇಯ ತಳಪಾಯ ಎಂಬ ಅರ್ಥದಲ್ಲಿ ಮಾತಾಡಿ, ತಂಡದ ಉಳಿದ ಸ್ವಿಂಗ್‌ಗಳನ್ನೂ ಮುಂದೆ ಕರೆದರು. ಆ ವಿಡಿಯೊ ಲೋಕವೆಲ್ಲ ಸುತ್ತಿತು. ಐದು ದಿನಕ್ಕೆ ಜಾಕ್‌ಮನ್‌ಗೇ ಸೋಂಕು ಬಂತು. ಕೆಲವು ದಿನ ಆಟ ನಿಂತು, ಜನವರಿ 2ಕ್ಕೆ ಮತ್ತೆ ಶುರುವಾದಾಗ ನಾಯಕನ ಜಾಗದಲ್ಲಿ ಬದಲಿ ನಟ ಮ್ಯಾಕ್ಸ್ ಕ್ಲೇಟನ್ ಇದ್ದರು.

‘ವಿಕೆಡ್’ನವರು ಇನ್ನೂ ದೂರ ಹೋದರು. ಅದರ ನಾಯಕಿ, ಹಸಿರು ಮೈಯ ಮಾಟಗಾತಿ ಎಲ್ಫಾಬಾಳ ಪಾತ್ರ ಗೊತ್ತಿದ್ದವರು ಹಾಸಿಗೆ ಹಿಡಿದಾಗ, ರಂಗಭೂಮಿ ಬಿಟ್ಟು ಶಿಕಾಗೋದಲ್ಲಿ ಸಾಫ್ಟ್‌ವೇರ್ ಎಂಜಿನಿಯರ್ ಆಗಿದ್ದ ಕಾರ್ಲಾ ಸ್ಟಿಕ್ಲರ್ ಅವರನ್ನು 2022ರ ಜನವರಿಯಲ್ಲಿ ಕರೆಸಿ ಹಸಿರು ಬಣ್ಣ ಹಚ್ಚಿದರು. ಬೆಂಗಳೂರಿನ ಟೆಕ್ಕಿಗಳಲ್ಲಿ ನಾಟಕದ ಹುಚ್ಚಿನವರಿಗೆ ಕೊರತೆಯಿಲ್ಲ. ಅವರ ಪೈಕಿ ಯಾರಿಗಾದರೂ ಇಂಥ ಫೋನು ಬಂದರೆ ಆ ದಿನದ ಮೀಟಿಂಗುಗಳ ಗತಿ ಏನಾಗಬಹುದೋ!

ಒಂದಂತೂ ನನಗೆ ಸ್ಪಷ್ಟವಾಗಿ ಕಾಣುತ್ತದೆ. ತಾರೀಕು ಹಾಕಿದವರು ನಿರ್ಮಾಪಕರು, ತಾರೀಕು ಬೇಕಿದ್ದದ್ದು ಟಿಕೆಟ್ ಮಾರುವವರಿಗೆ. ತಾರೀಕನ್ನು ಉಳಿಸಿಕೊಟ್ಟವರು ಮಾತ್ರ ಪೋಸ್ಟರ್‌ನಲ್ಲಿ ಹೆಸರಿಲ್ಲದವರು. 2022ರ ಫೆಬ್ರುವರಿ 10ರಂದು ‘ಮ್ಯೂಸಿಕ್ ಮ್ಯಾನ್’ ಕೊನೆಗೂ ವಿಧ್ಯುಕ್ತವಾಗಿ ತೆರೆದುಕೊಂಡಿತು. ವಾರದ ಗಳಿಕೆ 30 ಲಕ್ಷ ಡಾಲರ್ ಮುಟ್ಟುವ ಮಟ್ಟಕ್ಕೆ ಹೋಯಿತು, ವಿಮರ್ಶಕರು ಮಾತ್ರ ಅಷ್ಟೊಂದು ಕುಣಿಯಲಿಲ್ಲ. ಅತ್ತ ‘ಬೀಟಲ್‌ಜ್ಯೂಸ್’ ಜೂನ್ 6ರ ಗಡುವಿಗೂ ಮುಂಚೆಯೇ, ಮಾರ್ಚ್‌ನ ಬೀಗದೊಂದಿಗೇ ಬೀದಿಗೆ ಬಿದ್ದಿತ್ತು. ಅದು 2022ರ ಏಪ್ರಿಲ್ 8ಕ್ಕೆ ಮಾರ್ಕಿ ಥಿಯೇಟರ್‌ನಲ್ಲಿ ಮತ್ತೆ ಎದ್ದು ಬಂತು. ಹುಡುಗರು ನಾಟಕದ ಬೀಟಲ್‌ಜ್ಯೂಸ್‌ನಂತೆ ಪಟ್ಟೆ ಪಟ್ಟೆ ಅಂಗಿ ತೊಟ್ಟು ಮತ್ತೆ ಸಾಲು ನಿಂತರು. ಅದನ್ನು ಎಬ್ಬಿಸಿ ಸಿದ್ಧಪಡಿಸಿಕೊಂಡ ವಿಂಟರ್ ಗಾರ್ಡನ್ ನಡುವೆ ಸುಮಾರು 21 ತಿಂಗಳು ಖಾಲಿ ಬಿದ್ದಿತ್ತು.

ಇಷ್ಟೆಲ್ಲ ಕಾದು ತೆರೆದ ‘ಮ್ಯೂಸಿಕ್ ಮ್ಯಾನ್’ 2023ರ ಜನವರಿ 15ಕ್ಕೆ ಮುಗಿಯಿತು. ಜಾಕ್‌ಮನ್ ಹೊರಟ ಮೇಲೆ ಬೇರೆಯವರನ್ನು ಹಾಕಿ ಮುಂದುವರಿಸುವ ನಾಟಕವಾಗಿರಲಿಲ್ಲ ಅದು. ಆ ಥಿಯೇಟರ್‌ಗೆ ಮುಂದೆ ಬಂದದ್ದು ‘ಬ್ಯಾಕ್ ಟು ದಿ ಫ್ಯೂಚರ್’ ಮ್ಯೂಸಿಕಲ್. ಅದರ ಮೊದಲ ಓಪನಿಂಗ್ ಇಂಗ್ಲೆಂಡಿನ ಮ್ಯಾಂಚೆಸ್ಟರ್‌ನಲ್ಲಿ 2020ರ ಮಾರ್ಚ್ 11ರಂದು, ಬ್ರಾಡ್‌ವೇಗೆ ಬೀಗ ಬೀಳುವ ಹಿಂದಿನ ದಿನ. ಕೆಲವೇ ದಿನಗಳಲ್ಲಿ ಅದೂ ನಿಂತು, ಒಂದೂವರೆ ವರ್ಷ ಕಾದು 2021ರ ಸೆಪ್ಟೆಂಬರ್‌ನಲ್ಲಿ ಲಂಡನ್ನಿನಲ್ಲಿ ಓಪನ್ ಆಗಿ, 2023ರ ಆಗಸ್ಟ್ 3ಕ್ಕೆ ವಿಂಟರ್ ಗಾರ್ಡನ್ ತಲುಪಿತು.