ಗುಳೆ

ಹಿಂಗಾರಿನ ಬಿಳಿಜೋಳದ ರಾಶಿ ಮುಗಿಯುತ್ತಲೇ ರೋಣ, ಗಜೇಂದ್ರಗಡಗಳ ಬಸ್ ನಿಲ್ದಾಣಗಳಲ್ಲಿ ಒಂದು ದೃಶ್ಯ ಕಾಣಬರುತ್ತದೆ. ಹಾಸಿಗೆಯ ಸುರುಳಿ, ಜೋಳದ ಚೀಲ, ಅಡುಗೆಯ ಪಾತ್ರೆ, ಸಲಿಕೆ, ಬುಟ್ಟಿಗಳನ್ನು ಹೊತ್ತ ಕುಟುಂಬಗಳು ಗೋವೆ, ಮಂಗಳೂರು, ಬೆಂಗಳೂರುಗಳ ಕಡೆಗೆ ಹೊರಟು ನಿಂತಿರುತ್ತವೆ. ಹೀಗೆ ದುಡಿಮೆಯನ್ನು ಅರಸಿ ಊರು ಬಿಟ್ಟು ಹೋಗುವುದನ್ನು ಈ ಭಾಗದ ಜನ ‘ಗುಳೆ ಹೋಗುವುದು’ ಎನ್ನುತ್ತಾರೆ.

ಗುಳೆಯ ಮೊದಲ ಕಾರಣ ಮಳೆ. ಇಲ್ಲಿಯ ಎರೆಭೂಮಿ ತೇವವನ್ನು ಬಹುಕಾಲ ಹಿಡಿದಿಡುತ್ತದೆ; ಸಕಾಲಕ್ಕೆ ಮಳೆ ಬಂದರೆ ಜೋಳ, ಕಡಲೆ, ಹತ್ತಿಗಳು ಸಮೃದ್ಧವಾಗಿ ಬೆಳೆಯುತ್ತವೆ. ಮಳೆ ತಪ್ಪಿದರೆ ಒಕ್ಕಲಿಗನಿಗೆ ಬೆಳೆಯಿಲ್ಲ, ಹೊಲವಿಲ್ಲದ ಕೂಲಿಕಾರನಿಗೆ ಕೆಲಸವಿಲ್ಲ. ನವಿಲುತೀರ್ಥದ ಅಣೆಕಟ್ಟಿನಿಂದ ಮಲಪ್ರಭೆಯ ಕಾಲುವೆಗಳು 1970ರ ದಶಕದಲ್ಲಿ ನರಗುಂದದ ಹೊಲಗಳತ್ತ ಬಂದವು. ಆದರೆ ನೀರು ಎಲ್ಲರ ಹೊಲವನ್ನೂ ಮುಟ್ಟಲಿಲ್ಲ. ಗಜೇಂದ್ರಗಡದ ಗುಡ್ಡದ ಅಂಚಿನ ಊರುಗಳೂ ಲಂಬಾಣಿ ತಾಂಡಾಗಳೂ ಮುಗಿಲನ್ನೇ ನೆಚ್ಚಿಕೊಂಡು ಉಳಿದವು.

ಈ ವಲಸೆ ಹೊಸದಲ್ಲ. 1876ರಿಂದ 1878ರವರೆಗಿನ ಭೀಕರ ಬರದಲ್ಲಿ ಅಂದಿನ ಧಾರವಾಡ ಜಿಲ್ಲೆಯ ಅಸಂಖ್ಯ ಜನ ಅನ್ನವನ್ನರಸಿ ಮನೆ ತೊರೆದರು. ಅನಂತರ, ಬರದ ನಾಡಿಗೆ ಧಾನ್ಯ ಸಾಗಿಸಲು ನೆರವಾಗಲೆಂದು 1880ರ ದಶಕದಲ್ಲಿ ಹೊಟಗಿಯಿಂದ ಗದಗಿಗೆ ರೈಲುಮಾರ್ಗ ನಿರ್ಮಾಣವಾಯಿತು. ಅದು ರೋಣ ತಾಲ್ಲೂಕಿನ ಹೊಳೆಆಲೂರಿನ ಮೇಲೆ ಹಾದುಹೋಗುತ್ತದೆ. ಕಾಳನ್ನು ತರಲೆಂದು ಬಂದ ರೈಲು ಮುಂದೆ ಆಳುಗಳನ್ನೂ ಒಯ್ಯತೊಡಗಿತು. 1961ರಲ್ಲಿ ಗೋವೆ ವಿಮೋಚನೆಗೊಂಡ ಮೇಲೆ ಅಲ್ಲಿಯ ಬಂದರು, ರಸ್ತೆ, ಕಟ್ಟಡಗಳ ಕೆಲಸಕ್ಕೆ ಉತ್ತರ ಕರ್ನಾಟಕದ ಕೈಗಳು ನೆರವಾದವು. ವಾಸ್ಕೋ ಪರಿಸರದಲ್ಲಿ ಕನ್ನಡಿಗರ ಕೇರಿಗಳೇ ಬೆಳೆದವು.

ಬಡವರು ನೆಲ ಬಿಟ್ಟು ನಡೆದ ಕಥೆ ಜಗತ್ತಿನ ಇತರೆಡೆಗಳಲ್ಲಿಯೂ ಉಂಟು. ಹತ್ತೊಂಬತ್ತನೆಯ ಶತಮಾನದ ಬ್ರಿಟನ್ನಿನಲ್ಲಿ ಯಂತ್ರಗಳಿಂದ ಕಸುಬು ಕಳೆದುಕೊಂಡ ನೇಕಾರರೂ ಅರೆಹೊಟ್ಟೆಯ ಕೃಷಿಕೂಲಿಗಳೂ ಆಸ್ಟ್ರೇಲಿಯಾ, ಕೆನಡಾಗಳಿಗೆ ಹಡಗು ಹತ್ತಿದರು. ಆಸ್ಟ್ರೇಲಿಯಾಕ್ಕೆ ಹೋದ ಹಲವರ ಪ್ರಯಾಣವೆಚ್ಚವನ್ನು ಸರಕಾರವೇ ಭರಿಸಿತು. ಮೂರು-ನಾಲ್ಕು ತಿಂಗಳ ಆ ಯಾನ ಮುಗಿಸಿದವರಲ್ಲಿ ಹೆಚ್ಚಿನವರು ತವರನ್ನು ಮತ್ತೆ ಕಾಣಲಿಲ್ಲ. ಕೆಲವರು ಅಲ್ಲಿ ಭೂಮಿಯ ಒಡೆಯರಾದರು. ಅವರು ನೆಲೆಯೂರಿದಂತೆ ಆ ನೆಲದ ಮೂಲನಿವಾಸಿಗಳು ನೆಲೆ ಕಳೆದುಕೊಂಡರು ಎಂಬುದೂ ಅಷ್ಟೇ ನಿಜ. ಗುಳೆ ಹೋದವನ ಪಾಡು ಬೇರೆ. ಅವನಿಗೆ ಹೋದಲ್ಲಿ ಭೂಮಿ ದೊರೆಯುವುದಿಲ್ಲ. ಅವನು ಕಟ್ಟಿದ ಮನೆಯಲ್ಲಿ ಅನ್ಯರು ವಾಸಿಸುತ್ತಾರೆ. ಮುಂಗಾರು ಗುಡುಗಿದರೆ ಅವನು ಬಿತ್ತನೆಗೆಂದು ಊರಿಗೆ ಮರಳುತ್ತಾನೆ.

ಈ ಹೋಗಿಬರುವಿಕೆಯ ಭಾರವನ್ನು ಹೆಚ್ಚಾಗಿ ಹೊರುವವರು ಮಕ್ಕಳು. ತಂದೆತಾಯಿಗಳೊಡನೆ ಹೋದ ಮಗುವಿನ ಪಾಠ ವಾರ್ಷಿಕ ಪರೀಕ್ಷೆಗೆ ಮುಂಚೆಯೇ ನಿಲ್ಲುತ್ತದೆ. ಊರಲ್ಲಿ ಉಳಿದ ಮಗು ಅಜ್ಜ-ಅಜ್ಜಿಯರ ಆಸರೆಯಲ್ಲಿ ದಿನ ಎಣಿಸುತ್ತದೆ. 6ರಿಂದ 14 ವರ್ಷದ ಮಕ್ಕಳಿಗೆ ಶಿಕ್ಷಣವನ್ನು ಹಕ್ಕಾಗಿಸಿದ 2009ರ ಕಾಯಿದೆಯು, ಊರು ಬದಲಿಸಿದ ಮಗುವಿಗೂ ಶಾಲೆಯ ಬಾಗಿಲು ತೆರೆದಿರಬೇಕೆಂದು ವಿಧಿಸುತ್ತದೆ. ಊರಿನಲ್ಲೇ ಕೆಲಸ ದೊರೆಯಲೆಂದು 2005ರಲ್ಲಿ ರೂಪುಗೊಂಡ ಉದ್ಯೋಗ ಖಾತರಿ ಕಾಯಿದೆ ಪ್ರತಿ ಗ್ರಾಮೀಣ ಕುಟುಂಬಕ್ಕೆ ವರ್ಷಕ್ಕೆ 100 ದಿನಗಳ ಕೂಲಿಯ ಭರವಸೆ ನೀಡಿತು. ಕೆರೆಯ ಹೂಳು ತೆಗೆದು, ಹೊಲಕ್ಕೆ ಒಡ್ಡು ಹಾಕಿ ನೀರನ್ನು ಊರಲ್ಲೇ ನಿಲ್ಲಿಸಿದರೆ ಜನರೂ ಊರಲ್ಲಿ ನಿಲ್ಲುವರು.

2020ರ ಮಾರ್ಚಿನಲ್ಲಿ ಕೊರೋನಾ ವ್ಯಾಧಿಯ ನಿಮಿತ್ತ ನಗರಗಳು ಮುಚ್ಚಿದಾಗ ಕೂಲಿಕಾರರು ಗಂಟುಮೂಟೆ ಕಟ್ಟಿ ಹಳ್ಳಿಯ ಹಾದಿ ಹಿಡಿದರು. ನಗರವನ್ನು ಕಟ್ಟಿದವರಿಗೆ ನಗರದಲ್ಲಿ ಸ್ವಂತವೆನ್ನುವ ಸೂರಿಲ್ಲವೆಂಬುದು ಆಗ ಎಲ್ಲರ ಕಣ್ಣಿಗೂ ಬಿತ್ತು. ಗುಳೆ ಹೋಗುವವನು ಅಲೆಮಾರಿಯೂ ಅಲ್ಲ, ಸೋಮಾರಿಯೂ ಅಲ್ಲ. ಮನೆಯ ದೀಪ ಆರದಿರಲೆಂದು ಮನೆಯನ್ನೇ ಬಿಟ್ಟು ಹೋಗುವ ಶ್ರಮಜೀವಿ ಅವನು. ಅವನ ಮಗು ತರಗತಿಗೆ ತಡವಾಗಿ ಬಂದು ಕುಳಿತಾಗ, ಪಕ್ಕಕ್ಕೆ ಸರಿದು ಎಡೆ ಮಾಡಿಕೊಡುವುದು ಸಹಪಾಠಿಗಳ ಮೊದಲ ಕರ್ತವ್ಯ.