ಮಾಚನೂರಿನ ಬಾನುಲಿ

ಮೈಸೂರಿನಲ್ಲಿ 1935ರಲ್ಲಿ ಡಾ. ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಿಂದಲೇ ಬಾನುಲಿ ಪ್ರಸಾರವನ್ನು ಆರಂಭಿಸಿದ ಸಂಗತಿಯನ್ನು ಅಧ್ಯಾಪಕ ಬಂಧುಗಳೆಲ್ಲರೂ ಬಲ್ಲರು. ಅವರು ಅಧಿಕಾರಿಗಳಲ್ಲ, ನಮ್ಮಂತೆ ಪಾಠ ಹೇಳುತ್ತಿದ್ದವರು. ಆಮೇಲೆ ಬಾನುಲಿ ಸರಕಾರದ ಕೈಸೇರಿ ನಗರಗಳಲ್ಲಿ ನೆಲೆನಿಂತಿತು. ಹಳ್ಳಿಯವರು ಕೇಳುಗರಾಗಿಯೇ ಉಳಿದರು. ಕೇಳುವವರೇ ಹೇಳುವವರಾದ ನಿಲಯವೊಂದು ನಮ್ಮ ಗಡಿಗೆ ಹತ್ತಿರದಲ್ಲಿಯೇ ಹುಟ್ಟಿತೆಂಬುದನ್ನು ಇಲ್ಲಿ ವಿವರಿಸಬಯಸುತ್ತೇವೆ.

ಜಹೀರಾಬಾದು ಪ್ರಾಂತವು 1956ರ ರಾಜ್ಯ ಪುನರ್ವಿಂಗಡಣೆಯವರೆಗೆ ಬೀದರ ಜಿಲ್ಲೆಗೆ ಸೇರಿದ್ದಿತು. ನಿರ್ಣಾ ಭಾಗವೊಂದನ್ನುಳಿದು ಆ ತಾಲೂಕು ಮೇದಕ ಜಿಲ್ಲೆಗೆ ಹೋಯಿತು. ಈಗ ಅದು ತೆಲಂಗಾಣದಲ್ಲಿದೆ. ಅಲ್ಲಿನ ಹಳ್ಳಿಗಳಲ್ಲಿ 1983ರಿಂದ ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿ ಎಂಬ ಸಂಸ್ಥೆಯು ಬಡ ಹೆಣ್ಣುಮಕ್ಕಳ ಸಂಘಗಳನ್ನು ಕಟ್ಟುತ್ತ ಬಂದಿದೆ. ಸದಸ್ಯೆಯರಲ್ಲಿ ಬಹುಮಂದಿ ದಲಿತರು. ತುಂಡು ಹೊಲದವರು, ಕೂಲಿಯವರು. ನಮ್ಮ ಮಾತು ನಮಗೇ ಕೇಳಬೇಕೆಂಬುದು ಇವರ ಬೇಡಿಕೆಯಾಗಿದ್ದಿತು. ಯುನೆಸ್ಕೋದ ನೆರವಿನಿಂದ 1998ರ ಸುಮಾರಿಗೆ ಮಾಚನೂರಿನಲ್ಲಿ ನಿಲಯವೇನೋ ಸಿದ್ಧವಾಯಿತು, ಆದರೆ ಪ್ರಸಾರಕ್ಕೆ ಪರವಾನಗಿಯಿಲ್ಲ! ಹತ್ತು ವರ್ಷ ಅವರು ಸುಮ್ಮನೆ ಕೂಡಲಿಲ್ಲ. ಧ್ವನಿಮುದ್ರಿಸಿ, ಕ್ಯಾಸೆಟ್ಟುಗಳನ್ನು ಹಳ್ಳಿಹಳ್ಳಿಗೆ ಒಯ್ದು, ಸಂಘದ ಸಭೆಗಳಲ್ಲಿ ಕೇಳಿಸಿದರು.

ಬಾನಿನ ಅಲೆಗಳು ಸಾರ್ವಜನಿಕ ಸ್ವತ್ತೆಂದು ಸರ್ವೋಚ್ಚ ನ್ಯಾಯಾಲಯವು 1995ರಲ್ಲಿಯೇ ತೀರ್ಪು ಕೊಟ್ಟಿದ್ದಿತು. (ವ್ಯಾಜ್ಯ ಹುಟ್ಟಿದ್ದು ಕ್ರಿಕೆಟ್ ಪಂದ್ಯದ ಪ್ರಸಾರದ ಬಗ್ಗೆ, ಲಾಭ ಬಂದುದು ನವಣೆ ಬೆಳೆಯುವವರಿಗೆ!) ಆದರೂ 2002ರ ನೀತಿಯು ವಿದ್ಯಾಸಂಸ್ಥೆಗಳಿಗೆ ಮಾತ್ರ ಬಾಗಿಲು ತೆರೆಯಿತು. ಜನರ ಸೇವಾಸಂಸ್ಥೆಗಳ ಸರದಿ ಬಂದುದು 2006ರಲ್ಲಿ. ಕೊನೆಗೆ 2008ನೆಯ ಅಕ್ಟೋಬರ್ 15ರಂದು 'ಸಂಘಂ ರೇಡಿಯೊ' 90.4 ಮೆಗಾಹರ್ಟ್ಸಿನಲ್ಲಿ ಮಾತನಾಡಿತು. ಉದ್ಘಾಟಿಸಿದವರು ಆ 1995ರ ತೀರ್ಪಿತ್ತವರಲ್ಲೊಬ್ಬರಾದ ನ್ಯಾಯಮೂರ್ತಿ ಪಿ. ಬಿ. ಸಾವಂತರೇ.

ಅಲ್ಲಿ ಯಂತ್ರ ನಡೆಸಿದವರೂ ಕಾರ್ಯಕ್ರಮ ಹೊಂದಿಸಿದವರೂ ಆ ಊರುಗಳ ಯುವತಿಯರೇ. ಬೀಜ ಕಾಯ್ದಿಡುವ ಬಗೆ, ಮಿಶ್ರಬೆಳೆ, ಮನೆಮದ್ದು, ಹೊಲದ ಹಾಡು, ಹೆಣ್ಣಾಳಿನ ಬಾಳು—ಮೇಲುನೋಟಕ್ಕೆ ಇವು ರಾಜಕೀಯವಲ್ಲ. ಆದರೆ ಜೋಳ, ನವಣೆಗಳನ್ನು ಬಡವರ ಕೂಳೆಂದು ಹೀನಾಯ ಮಾಡಿದ ಕಾಲದಲ್ಲಿ, ಅವುಗಳ ಬೀಜವನ್ನು ಜಾಡಿಯಲ್ಲಿ ಕಾದವಳೊಬ್ಬಳು ತನ್ನ ಆಡುಮಾತಿನಲ್ಲಿ ಬಾನುಲಿಯಿಂದ ಊರಿಗೆಲ್ಲ ಬೇಸಾಯದ ಪಾಠ ಹೇಳುವುದಕ್ಕಿಂತ ದೊಡ್ಡ ಸಾಮಾಜಿಕ ನ್ಯಾಯ ಯಾವುದೆಂದು ನಾವು ಕೇಳುತ್ತೇವೆ.

ಇನ್ನು ಕಟ್ಟಳೆಯ ವಿಚಾರ. ಇಂಥ ನಿಲಯದ ಶಕ್ತಿ ಸಾಮಾನ್ಯವಾಗಿ 100 ವ್ಯಾಟಿಗೆ ಮಿತವಾಗಿದ್ದು, ಐದರಿಂದ ಹತ್ತು ಕಿಲೋಮೀಟರು ಕೇಳಿಸಿದರೆ ಸಾಕೆಂದು 2006ರ ನೀತಿಯ ಎಣಿಕೆ. ಅರ್ಧದಷ್ಟಾದರೂ ಸ್ಥಳದಲ್ಲಿಯೇ ತಯಾರಾಗಬೇಕು. ಇದೆಲ್ಲ ಸರಿಯೇ. ಆದರೆ ಸ್ವಂತ ಸುದ್ದಿಯನ್ನೂ ರಾಜಕೀಯ ಕಾರ್ಯಕ್ರಮವನ್ನೂ ಬಿತ್ತರಿಸಕೂಡದು. ಹವಾಮಾನ, ಪರೀಕ್ಷೆಯ ಫಲಿತಾಂಶ, ವಿದ್ಯುತ್ತು ಮತ್ತು ನೀರು ಸರಬರಾಜಿನ ಪ್ರಕಟಣೆ ಇವು ಸುದ್ದಿಯಲ್ಲವೆಂದು ವಿನಾಯಿತಿಯುಂಟು. ಎಂದರೆ, ನಾಳೆ ನಲ್ಲಿಯಲ್ಲಿ ನೀರು ಬಾರದೆಂದು ಸಾರಬಹುದು; ಹರಿಜನರ ಓಣಿಯ ನಲ್ಲಿಯೇ ಏಕೆ ಒಣಗಿತೆಂಬುದನ್ನು ಸುದ್ದಿಯಾಗಿ ಹೇಳುವಂತಿಲ್ಲ. ಪತ್ರಿಕೆಗಿರುವ ಸ್ವಾತಂತ್ರ್ಯ ಬಾನುಲಿಗೆ ಬೇಡವೆನ್ನುವುದಕ್ಕೆ ಸಮರ್ಪಕವಾದ ಕಾರಣವು ನಮಗೆ ತೋರದು. 'ಕಾಮನ್ ಕಾಸ್' ಸಂಸ್ಥೆಯು 2013ರಲ್ಲಿ ಈ ನಿರ್ಬಂಧವನ್ನು ಸರ್ವೋಚ್ಚ ನ್ಯಾಯಾಲಯದಲ್ಲಿ ಪ್ರಶ್ನಿಸಿತು. ಮುಂದಿನ ತಿದ್ದುಪಡಿಯಂತೆ ಆಕಾಶವಾಣಿಯ ವಾರ್ತೆಯನ್ನು ಇದ್ದಂತೆ, ಇಲ್ಲವೆ ಸ್ಥಳೀಯ ನುಡಿಗೆ ಅನುವಾದಿಸಿ ಓದಲು ಅನುಮತಿ ದೊರೆತಿದೆ.

ಗಡಿನಾಡಿನವರು ಗಮನಿಸತಕ್ಕ ಅಂಶವೊಂದು ಇದೇ ನೀತಿಯಲ್ಲಿದೆ. ಕಾರ್ಯಕ್ರಮಗಳು ಆದಷ್ಟೂ ಸ್ಥಳೀಯ ಭಾಷೆ ಮತ್ತು ಉಪಭಾಷೆಯಲ್ಲಿರಬೇಕೆನ್ನುತ್ತದೆ, ರಾಜ್ಯಭಾಷೆಯಲ್ಲಿ ಎನ್ನುವುದಿಲ್ಲ. ಅಕ್ಕಲಕೋಟೆಯಲ್ಲಾಗಲಿ ತಾಳವಾಡಿಯಲ್ಲಾಗಲಿ ಮನೆಯಂಗಳದ ಕನ್ನಡಕ್ಕೆ ಇದರಿಂದ ಎಡೆಯುಂಟು. ಅರ್ಜಿ ಹಾಕತಕ್ಕ ಸೇವಾಸಂಸ್ಥೆಯು ನೋಂದಣಿಯಾಗಿ ಮೂರು ವರ್ಷವಾಗಿರಬೇಕು, ಅಷ್ಟು ಕಾಲ ಆ ಸ್ಥಳದಲ್ಲಿ ಸೇವೆ ಸಲ್ಲಿಸಿರಬೇಕು; ಪಕ್ಷಗಳಿಗೆ ಸೇರಿದುದಾಗಿರಕೂಡದು.