ತತ್ತಿ ಕೊಟ್ಟ ಜಿಲ್ಲೆ, ಕೊಡದ ಜಿಲ್ಲೆ

2021ರ ಡಿಸೆಂಬರಿನಲ್ಲಿ ಬಿಸಿಯೂಟದ ತತ್ತಿಯ ಮೇಲೆ ನಾಡಿನಲ್ಲಿ ದೊಡ್ಡ ವಾದ ಎದ್ದಿತು. ಕೆಲವು ಮಠಾಧೀಶರು ಬೇಡವೆಂದರು. ಗಂಗಾವತಿಯ ಶಾಲಾ ಹುಡುಗಿಯೊಬ್ಬಳು ನಮಗೆ ತತ್ತಿ ಬೇಕೇ ಬೇಕು ಎಂದು ಗಟ್ಟಿಯಾಗಿ ಹೇಳಿದಳು. ಇಷ್ಟರಲ್ಲಿ ಸರ್ಕಾರ ಕಲ್ಯಾಣ ಕರ್ನಾಟಕದ ಜಿಲ್ಲೆಗಳಲ್ಲೂ ವಿಜಯಪುರದಲ್ಲೂ ತತ್ತಿ ಹಂಚಲು ಶುರುಮಾಡಿತ್ತು. ತಿನ್ನದ ಮಕ್ಕಳಿಗೆ ಬಾಳೆಹಣ್ಣು. ಅಪೌಷ್ಟಿಕತೆ, ರಕ್ತಹೀನತೆಯ ಸರ್ಕಾರಿ ಲೆಕ್ಕದಲ್ಲಿ ಯಾದಗಿರಿಯೇ ಮುಂದೆ: ಶೇ. 74.

ಯಾದಗಿರಿ ಜಿಲ್ಲೆಯ ಶಹಾಪುರ, ಸುರಪುರದ ಕಡೆ ಹೋದವರಿಗೆ ಈ ಅಂಕಿ ನಂಬಲು ಕಷ್ಟ. ಕೃಷ್ಣೆಯ ಕಾಲುವೆ ನೀರು ಹರಿಯುತ್ತದೆ, ಭತ್ತ ಹಸಿರಾಗಿರುತ್ತದೆ. ಆದರೆ ನೀರು ಮುಟ್ಟದ ಹೊಲದವರು, ಹೊಲವೇ ಇಲ್ಲದವರು ಬೆಂಗಳೂರಿಗೆ, ಮುಂಬೈಗೆ ಗುಳೆ ಹೋಗುತ್ತಾರೆ. ಅವರ ಮಕ್ಕಳ ತಟ್ಟೆಯಲ್ಲಿ ಅನ್ನ, ರೊಟ್ಟಿ ಇದ್ದರೂ ಬೇಳೆ, ಹಾಲು, ತತ್ತಿ ಕಡಿಮೆ.

ತತ್ತಿಯಿಂದ ಏನಾಯಿತು ಎಂದು ತಿಳಿಯುವುದು ಹೇಗೆ? ಯಾದಗಿರಿಯ ಮಕ್ಕಳನ್ನಷ್ಟೇ ತೂಗಿದರೆ ಸಾಲದು. ಬೆಳೆಯುವ ಮಕ್ಕಳ ತೂಕ ಹೇಗಿದ್ದರೂ ಏರುತ್ತದೆ. ಆ ಏರಿಕೆಯನ್ನೆಲ್ಲ ತತ್ತಿಯ ಲೆಕ್ಕಕ್ಕೆ ಬರೆದರೆ ತಪ್ಪಾಗುತ್ತದೆ. ಗದಗಿನ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ವಿಶ್ವವಿದ್ಯಾಲಯದ ಅಧ್ಯಯನಕ್ಕೆ ಬೆಲೆ ಬಂದದ್ದು ಇಲ್ಲಿ. ತತ್ತಿ ಸಿಗುತ್ತಿದ್ದ ಯಾದಗಿರಿಯ ಪಕ್ಕಕ್ಕೆ ಅದು ತತ್ತಿ ಸಿಗದ ಗದಗನ್ನು ಇಟ್ಟಿತು. ಎರಡೂ ಕಡೆ ಎತ್ತರ, ತೂಕ ಅಳೆದು, ಏರಿಕೆಯನ್ನು ತಾಳೆ ನೋಡಿತು.

ಯಾದಗಿರಿಯ ಮಕ್ಕಳು ಹೆಚ್ಚು ತೂಕ ಪಡೆದಿದ್ದರು. ಎಂಟನೇ ತರಗತಿಯ ಹುಡುಗಿಯರಲ್ಲಿ ಈ ಏರಿಕೆ ಗದಗಿನವರಿಗಿಂತ ಶೇ. 71ರಷ್ಟು ಹೆಚ್ಚು! ಮೈ ಬೆಳೆಯುವ, ಮುಟ್ಟು ಶುರುವಾಗುವ ವಯಸ್ಸಿನ ಹುಡುಗಿಯರು ಇವರು. ಮನೆಯಲ್ಲಿ ಬಹುಪಾಲು ಕೊನೆಗೆ ಉಣ್ಣುವವರೂ ಹೌದು. ಹಾಗಾಗಿ ಈ ಒಂದು ಅಂಕಿ ನನಗೆ ಉಳಿದೆಲ್ಲಕ್ಕಿಂತ ದೊಡ್ಡದು.

ಎರಡು ಜಿಲ್ಲೆಗಳು ಎಲ್ಲದರಲ್ಲೂ ಸಮವಲ್ಲ, ನಿಜ. ಚೀಟಿ ಎತ್ತಿ ಆರಿಸಿದ ಶಾಲೆಗಳಾಗಿದ್ದರೆ ಸಾಕ್ಷ್ಯ ಇನ್ನೂ ಗಟ್ಟಿಯಾಗಿರುತ್ತಿತ್ತು. ಆದರೂ ಬರೀ ನಂಬಿಕೆಗಳ ನಡುವಿನ ವಾದಕ್ಕೆ ಮಕ್ಕಳ ಮೈಯಿಂದಲೇ ಒಂದು ಉತ್ತರ ಸಿಕ್ಕಿತು. 2022ರ ಜುಲೈನಲ್ಲಿ ಸರ್ಕಾರ ತತ್ತಿ, ಬಾಳೆಹಣ್ಣು, ಚಿಕ್ಕಿಯನ್ನು ಎಲ್ಲ ಜಿಲ್ಲೆಗಳಿಗೂ ವಿಸ್ತರಿಸಿತು. ಮುಂದೆ ಹತ್ತನೇ ತರಗತಿಯವರೆಗೂ ಕೊಡುವಂತಾಯಿತು. 2024ರಲ್ಲಿ ಅಜೀಂ ಪ್ರೇಮ್‌ಜಿ ಫೌಂಡೇಶನ್ ಮೂರು ವರ್ಷಕ್ಕೆ ಸುಮಾರು 1,500 ಕೋಟಿ ರೂಪಾಯಿ ನೀಡಲು ಒಪ್ಪಿದ ಮೇಲೆ ವಾರಕ್ಕೆ ಆರು ದಿನ ತತ್ತಿ ಬಂತು.

ಈಗ ಸುರಪುರದ ಶಾಲೆಗಳಲ್ಲಿ ತೂಕದ ಜೊತೆಗೆ ಮಕ್ಕಳ ಹಿಮೋಗ್ಲೋಬಿನ್ನನ್ನೂ ವರ್ಷವರ್ಷ ಅಳೆಯಬೇಕು, ಗುಳೆ ಹೋದ ಮಕ್ಕಳನ್ನು ಲೆಕ್ಕದಿಂದ ಬಿಡದೆ.